ಚೆಂಡುಹೂವಿನ ಸಸಿಮಡಿ

ದೀಪಾವಳಿಯ ಸಂತೆಗೆ ಚೆಂಡುಹೂವನ್ನು ಒದಗಿಸಬೇಕೆನ್ನುವ ಜಮೀನುದಾರರು ಸುಮಾರು 3 ತಿಂಗಳು ಮುಂಚಿತವಾಗಿಯೇ ಬಿತ್ತನೆಯ ಏರ್ಪಾಡು ಮಾಡತಕ್ಕದ್ದು. ತಡವಾದರೂ ಹೂವೇನೋ ಬರುವುದು, ಕೊಳ್ಳುವವರಿರುವುದಿಲ್ಲ.

ನೀರು ನಿಲ್ಲದಂತೆ ಅರ್ಧ ಅಡಿ ಎತ್ತರಿಸಿದ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರಸಿ, ಸಾಲುಗಳಲ್ಲಿ ಬೀಜವನ್ನು ತೆಳುವಾಗಿ ಉದುರಿಸಿ, ಕಾಲಂಗುಲ ಮಾತ್ರ ಮಣ್ಣು ಮುಚ್ಚಬೇಕು. ಮೊಳಕೆ ಬಾರದಿದ್ದರೆ ಹೊಸಬರು ಬೀಜವನ್ನು ದೂರುವುದುಂಟು. ಮಡಿ ಕೆಡುವುದು ಬಹುಮಟ್ಟಿಗೆ ಅತಿಯಾದ ನೀರಿನಿಂದ. ಎಳೆಯ ಸಸಿಗಳ ಬುಡ ಕೊಳೆತು, ಒಂದೆರಡು ದಿನಗಳಲ್ಲಿ ಮಡಿಗೆ ಮಡಿಯೇ ಮಲಗಿಬಿಡುವುದು. ಆದಕಾರಣ ಬೆಳಗಿನ ಹೊತ್ತು ಹದವರಿತು ಚಿಮುಕಿಸತಕ್ಕದ್ದು. ಸುಮಾರು ನಾಲ್ಕು ವಾರಗಳಲ್ಲಿ ಸಸಿಗಳು ನಾಟಿಗೆ ಒದಗುವುವು. ಸಂಜೆಯ ತಂಪಿನಲ್ಲಿ ನೆಡುವುದು ಲೇಸು.

ಸಂಕರ ತಳಿಯ ಹೂವಿನಿಂದ ತೆಗೆದಿಟ್ಟ ಬೀಜದ ಗಿಡಗಳು ತಾಯಿಗಿಡದಂತೆಯೇ ಬರುವುವೆಂದು ನಂಬಿ ಎಕರೆಗಟ್ಟಲೆ ಬಿತ್ತಬಾರದು. ನಾಡತಳಿಯಾದರೆ, ಗಿಡದ ಮೇಲೆಯೇ ಒಣಗಿದ ದಪ್ಪ ಹೂಗಳ ಬೀಜವನ್ನು ನೆರಳಿನಲ್ಲಿ ಆರಿಸಿ ಇಟ್ಟುಕೊಳ್ಳಬಹುದು.