ಎಷ್ಟು ದೂರ? ಎಷ್ಟು ಹೊತ್ತು?

ನನ್ನ ತಮ್ಮ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಉದ್ಯೋಗಕ್ಕೆ ಸೇರಿದಾಗ, ತೀರ್ಥಹಳ್ಳಿಯ ಬಳಿಯ ನಮ್ಮ ಮನೆಯಲ್ಲಿ ತಾಯಿಯವರು ಕೇಳಿದರು: “ಅವನ ಊರು ಎಷ್ಟು ದೂರ ಮಾರಾಯ?” ಬೆಂಗಳೂರಿನಿಂದ ಸುಮಾರು ೧೪,೦೦೦ ಕಿಲೋಮೀಟರು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. “ಅದಲ್ಲ, ಅಲ್ಲಿಂದ ಹೊರಟರೆ ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತಾನೆ?” ಎಂದರು.

ನಾನು ಕಾಲೇಜಿನಿಂದ ಒಂದು ಗ್ಲೋಬನ್ನು ತಂದೆ. ಗೋಡೆಯ ಭೂಪಟದಲ್ಲಿ ಈ ಎರಡು ನಗರಗಳ ನಡುವೆ ಗೆರೆಯೆಳೆದರೆ ಅದು ಆಫ್ರಿಕವನ್ನೂ ಅಟ್ಲಾಂಟಿಕ್ ಸಾಗರವನ್ನೂ ದಾಟುತ್ತದೆ. ಗೋಳದ ಮೇಲೆ ದಾರವನ್ನು ಬಿಗಿಹಿಡಿದರೆ ಅದು ಉತ್ತರಕ್ಕೆ ಜಾರಿ, ಟಿಬೆಟ್, ಸೈಬೀರಿಯ, ಅಲಾಸ್ಕಗಳ ಮೇಲೆ ಹಾಯುತ್ತದೆ. ಭೂಮಿ ದುಂಡಗಿರುವುದರಿಂದ ಇದೇ ಹತ್ತಿರದ ಹಾದಿ. ೨೦೨೧ರ ಜನವರಿ ೯ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವದ ಮಾರ್ಗವಾಗಿ, ಎಲ್ಲಿಯೂ ಇಳಿಯದೆ, ೧೧ರ ಬೆಳಗಿನ ಜಾವ ಬೆಂಗಳೂರನ್ನು ತಲುಪಿತು. ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳೆಯರು. ಪ್ರಯಾಣ ಸುಮಾರು ೧೭ ಗಂಟೆಯದು; ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದರಿಂದ ಪಂಚಾಂಗದಲ್ಲಿ ಎರಡು ತಾರೀಖು ಉರುಳಿದ್ದವು.

ಗಂಟೆಗೆ ೯೦೦ ಕಿಲೋಮೀಟರು ವೇಗದಲ್ಲಿ ಇಷ್ಟು ದೂರಕ್ಕೆ ಹದಿನೈದೂವರೆ ಗಂಟೆ ಸಾಕು. ಆದರೆ ವಿಮಾನವು ಗೆರೆಯ ಮೇಲೆ ಹಾರುವುದಿಲ್ಲ, ಗಾಳಿಯಲ್ಲಿ ಹಾರುತ್ತದೆ. ಏರುವುದಕ್ಕೆ, ಇಳಿಯುವುದಕ್ಕೆ ಹೊತ್ತು ಬೇಕು. ಎದುರುಗಾಳಿ ತಡೆದೀತು, ಹಿಂಗಾಳಿ ನೂಕೀತು. ದೂರ ಒಂದೇ ಆದರೂ ಹೋಗುವ ಹೊತ್ತು ಬರುವ ಹೊತ್ತಿಗೆ ಸಮನಲ್ಲ.

ತಾಯಿಯವರ ಪ್ರಶ್ನೆಯ ವಿವೇಕ ನನಗೆ ಆಮೇಲೆ ಹೊಳೆಯಿತು. ಗಾವುದ, ಹರದಾರಿ ಎಂಬ ಅಳತೆಗಳು ನಮ್ಮಲ್ಲಿದ್ದರೂ, ಅವರಿಗೆ ತವರುಮನೆಯೆಂದರೆ ಗಾಡಿಯಲ್ಲಿ ಒಂದು ಹಗಲಿನ ಹಾದಿ. ಈಗ ವಿಮಾನವೇರುವವರೂ ಕಿಲೋಮೀಟರನ್ನು ಮರೆತು ಗಂಟೆಯನ್ನೇ ಹೇಳುತ್ತಾರೆ.

ಒಂದು ಕಾರ್ತಿಕದಲ್ಲಿ ತಾಯಿಯವರು ಹಾಸಿಗೆ ಹಿಡಿದರು. ತಮ್ಮನಿಗೆ ತಿಳಿಸಿದೆ. ಅವನು ಹೊರಟ. ವಿಮಾನದ ಹೊತ್ತನ್ನು ನಾವಿಬ್ಬರೂ ಲೆಕ್ಕಹಾಕಿದ್ದೆವು; ಟಿಕೇಟು ದೊರೆಯುವವರೆಗಿನ ಹೊತ್ತನ್ನು, ನಿಲ್ದಾಣದ ಕಾಯುವಿಕೆಯನ್ನು, ಬೆಂಗಳೂರಿನಿಂದ ಊರಿಗೆ ರಸ್ತೆಯ ಏಳು ಗಂಟೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊರಡುವ ಮುನ್ನ ಅವನು ದೂರವಾಣಿಯಲ್ಲಿ, “ಅಮ್ಮಾ, ಹೊರಟೆ” ಎಂದ. ಅವರು, “ನಿಧಾನವಾಗಿ ಬಾ” ಎಂದರು. ಅವನು ಅಂಗಳಕ್ಕೆ ಕಾಲಿಟ್ಟಾಗ ಅವರು ತೀರಿಕೊಂಡು ಆರು ಗಂಟೆಯಾಗಿತ್ತು.

ಕನ್ನಡದಲ್ಲಿ ‘ಕೂಗಳತೆ’ ಎಂಬ ಮಾತಿದೆ: ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸುವಷ್ಟು ದೂರ. ತರಗತಿಯಲ್ಲಿ ಎಷ್ಟೋ ಸಲ ಅದರ ಅರ್ಥವನ್ನು ವಿವರಿಸಿದ್ದೇನೆ. ದೂರವಾಣಿಯು ನನ್ನ ತಮ್ಮನನ್ನು ತಾಯಿಯ ಕೂಗಳತೆಯಲ್ಲೇ ಇರಿಸಿತ್ತು. ಅವರ ಕೈ ಹಿಡಿಯಲು ಮಾತ್ರ ಅವನು ಆ ಹದಿನಾಲ್ಕು ಸಾವಿರವನ್ನೂ ದಾಟಿ ಬರಬೇಕಾಗಿತ್ತು.