ಖಾಯಂ ಗಿರಾಕಿಯ ಲೆಕ್ಕ

ಬೆಂಗಳೂರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. 1943ರಿಂದ ದೋಸೆ ಹುಯ್ಯುತ್ತಿರುವ ಈ ಹೋಟೆಲಿನ ಮುಂದೆ ಶನಿವಾರ, ಭಾನುವಾರ ಬೆಳಿಗ್ಗೆ ಜನ ಹೆಸರು ಬರೆಸಿ ಕಾಯುತ್ತಾರೆ. ಅಂಥ ಕಡೆ ವಾರಕ್ಕೊಂದು ದಿನ ಬಾಗಿಲು ಹಾಕುವುದೆಂದರೆ ವರ್ಷಕ್ಕೆ ಐವತ್ತೆರಡು ದಿನ ಗಲ್ಲಾ ಖಾಲಿ. ಅಮೆರಿಕದ ಚಿಕನ್ ಸ್ಯಾಂಡ್‌ವಿಚ್ ಕಂಪನಿ ಚಿಕ್-ಫಿಲ್-ಎಗೂ ಇಂಥದೇ ಹಠ. ಟ್ರೂಯೆಟ್ ಕ್ಯಾಥಿ 1946ರಲ್ಲಿ ಜಾರ್ಜಿಯಾದಲ್ಲಿ ಮೊದಲ ಹೋಟೆಲ್ ಇಟ್ಟಾಗಿನಿಂದ ಅಲ್ಲಿ ಭಾನುವಾರ ವ್ಯಾಪಾರವಿಲ್ಲ. ತಿನಿಸಿನ ವ್ಯಾಪಾರಕ್ಕೆ ಭಾನುವಾರ ಸುಗ್ಗಿಯ ದಿನ. ಆದರೂ ಒಂದೊಂದು ಮಳಿಗೆಯ ಸರಾಸರಿ ವಹಿವಾಟು ತೆಗೆದರೆ, ಏಳೂ ದಿನ ತೆರೆದಿರುವ ಮೆಕ್‌ಡೊನಾಲ್ಡ್ಸ್‌ಗಿಂತ ಚಿಕ್-ಫಿಲ್-ಎ ಬಹಳ ಮುಂದಿದೆ.

ಮುಚ್ಚಿದ ಬಾಗಿಲು ನೋಡಿ ಹಿಂತಿರುಗಿದವನು ಮರುದಿನ ಮತ್ತೆ ಬಂದರೆ ಅವನು ಖಾಯಂ ಗಿರಾಕಿ. ಪಕ್ಕದ ಹೋಟೆಲಿಗೆ ಹೊಕ್ಕು ಅಲ್ಲೇ ಉಳಿದರೆ ಅವನು ದಾರಿಹೋಕ. ಇವರಿಬ್ಬರ ನಡುವಿನ ಅಂತರಕ್ಕೆ ಬೆಲೆ ಕಟ್ಟುವುದೇ ಈಗ ಒಂದು ದೊಡ್ಡ ಉದ್ಯಮ.

ಈ ಉದ್ಯಮದವರು ಮಾತೆತ್ತಿದರೆ ಒಂದು ಅಂಕಿ ಹೇಳುತ್ತಾರೆ. ಫ್ರೆಡರಿಕ್ ರೈಕೆಲ್ಡ್ ಮತ್ತು ಅರ್ಲ್ ಸಾಸರ್ 1990ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ ಬರೆದ ಲೇಖನದ ಪ್ರಕಾರ, ಗಿರಾಕಿಗಳಲ್ಲಿ ಇನ್ನೂ ಶೇ 5ರಷ್ಟು ಮಂದಿಯನ್ನು ಬಿಟ್ಟುಹೋಗದಂತೆ ಉಳಿಸಿಕೊಂಡರೂ ಲಾಭ ಶೇ 25ರಿಂದ 85ರವರೆಗೆ ಏರಬಹುದು. ಅವರು ನೋಡಿದ್ದು ಹೆಚ್ಚಾಗಿ ಬ್ಯಾಂಕು, ಕ್ರೆಡಿಟ್ ಕಾರ್ಡು, ವಿಮೆಯಂಥ ವ್ಯವಹಾರಗಳನ್ನು; ಇಡ್ಲಿ, ಬರ್ಗರ್ ಮಾರುವವರನ್ನಲ್ಲ. ಬ್ಯಾಂಕ್ ಖಾತೆ ಬದಲಿಸುವುದು ತಲೆನೋವಿನ ಕೆಲಸ. ಹೋಟೆಲ್ ಬದಲಿಸಲು ರಸ್ತೆ ದಾಟಿದರೆ ಸಾಕು. ಹಾಗಾಗಿ ತಿಂಡಿ ಮಾರುವವರು ಗಿರಾಕಿಯನ್ನು ಕಟ್ಟಿಹಾಕಲು ಬೇರೆ ಹಗ್ಗ ಹುಡುಕಬೇಕಾಯಿತು.

ಅಂಥದೊಂದು ಹಗ್ಗ ಸ್ಟ್ಯಾಂಪ್ ಕಾರ್ಡ್. ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಜ್ ಎಂಬ ಸಂಶೋಧಕರು ಕಾರು ತೊಳೆಯುವ ಅಂಗಡಿಯೊಂದರಲ್ಲಿ ಎರಡು ಬಗೆಯ ಕಾರ್ಡು ಹಂಚಿದರು. ಒಂದರಲ್ಲಿ ಎಂಟು ಚೌಕ, ಎಂಟೂ ಖಾಲಿ. ಇನ್ನೊಂದರಲ್ಲಿ ಹತ್ತು ಚೌಕ, ಎರಡಕ್ಕೆ ಮೊದಲೇ ಮುದ್ರೆ. ಯಾವ ಕಾರ್ಡು ಹಿಡಿದರೂ ಎಂಟು ಸಲ ತೊಳೆಸಿದರೆ ಒಂದು ಸಲ ಬಿಟ್ಟಿ. ಆದರೆ ಪೂರ್ತಿ ಖಾಲಿ ಕಾರ್ಡು ಪಡೆದವರಲ್ಲಿ ಅದನ್ನು ತುಂಬಿಸಿದವರು ಶೇ 19, ಎರಡು ಮುದ್ರೆಯ ಕಾರ್ಡಿನವರಲ್ಲಿ ಶೇ 34. 2006ರಲ್ಲಿ ಈ ಪ್ರಯೋಗ ಪ್ರಕಟವಾಯಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಕಾಫಿ ಕಾರ್ಡುಗಳ ಬಗ್ಗೆ: ಬಿಟ್ಟಿ ಕಾಫಿ ಹತ್ತಿರವಾದಷ್ಟೂ ಜನ ಬೇಗ ಬೇಗ ಬಂದು ಕಾಫಿ ಕೊಳ್ಳುತ್ತಾರೆಂದು ಅದು ತೋರಿಸಿತು. ಇವತ್ತು ಪಿಜ್ಜಾ ಆ್ಯಪ್ ಇಳಿಸಿಕೊಂಡ ಕೂಡಲೇ ‘ಸ್ವಾಗತ’ದ ಪಾಯಿಂಟ್ಸ್ ಬಂದು ಬೀಳುವುದು ಯಾರ ಔದಾರ್ಯವೂ ಅಲ್ಲ.

ಸ್ಟಾರ್‌ಬಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಕಾರ್ಡು, ಆ್ಯಪ್‌ಗಳಲ್ಲಿ ಗಿರಾಕಿಗಳು ಮುಂಗಡ ತುಂಬಿಸಿ, ಇನ್ನೂ ಕುಡಿದು ಮುಗಿಸದೆ ಬಿಟ್ಟಿರುವ ಹಣ 100 ಕೋಟಿ ಡಾಲರ್‌ಗೂ ಮಿಗಿಲು. ಇದಕ್ಕೆ ಕಂಪನಿ ಬಡ್ಡಿ ಕೊಡಬೇಕಿಲ್ಲ. ನಮ್ಮ ಊರುಗಳ ಹಳೆಯ ಹೋಟೆಲುಗಳಲ್ಲಿ ಮೇಷ್ಟ್ರು, ಗುಮಾಸ್ತರು, ರೂಮು ಮಾಡಿಕೊಂಡಿದ್ದ ಹುಡುಗರು ತಿಂಗಳಿಡೀ ‘ಲೆಕ್ಕಕ್ಕೆ ಬರ್ಕೊಳ್ಳಿ’ ಎಂದು ತಿಂಡಿ ತಿಂದು, ಸಂಬಳವೋ ಮನಿಯಾರ್ಡರೋ ಬಂದ ದಿನ ಚುಕ್ತಾ ಮಾಡುತ್ತಿದ್ದರು. ಆಗ ಹೋಟೆಲಿನವರು ಗಿರಾಕಿಗೆ ಸಾಲ ಕೊಟ್ಟು ಅವನನ್ನು ಉಳಿಸಿಕೊಳ್ಳುತ್ತಿದ್ದರು. ಈಗ ಗಿರಾಕಿಯೇ ಹೋಟೆಲಿಗೆ ಸಾಲ ಕೊಟ್ಟು ತಾನಾಗಿ ಉಳಿಯುತ್ತಾನೆ.

ರಿಯಾಯಿತಿಯಿಂದ ಬಂದವನು ರಿಯಾಯಿತಿಯ ಜೊತೆಗೇ ಹೋಗುತ್ತಾನೆ ಎಂಬುದು ಹೋಟೆಲಿನವರಿಗೆ ದುಬಾರಿ ಪಾಠವಾದದ್ದು 2019ರಲ್ಲಿ. ತಿನಿಸಿನ ಆ್ಯಪ್ ಜೊಮ್ಯಾಟೊ 2017ರ ನವೆಂಬರಿನಲ್ಲಿ ‘ಗೋಲ್ಡ್’ ಸದಸ್ಯತ್ವ ತಂದಿತ್ತು. ಒಂದು ತಿನಿಸು ಕೊಂಡರೆ ಇನ್ನೊಂದು ಉಚಿತ. ಸದಸ್ಯತ್ವದ ಶುಲ್ಕ ಜೊಮ್ಯಾಟೊಗೆ, ಉಚಿತ ತಿನಿಸಿನ ಖರ್ಚು ಹೋಟೆಲಿಗೆ. ಮೊದಮೊದಲು ಮೇಜುಗಳು ತುಂಬಿದ್ದನ್ನು ಕಂಡು ಮಾಲೀಕರು ಹಿಗ್ಗಿದರು. ಆಮೇಲೆ ಬಿಲ್ ಪುಸ್ತಕ ತೆಗೆದು ನೋಡಿದರು. ಆಗಸ್ಟ್ 2019ರಲ್ಲಿ ಗುರುಗ್ರಾಮದಲ್ಲಿ ಶುರುವಾದ ‘ಲಾಗೌಟ್’ ಚಳವಳಿ ಬೆಂಗಳೂರಿಗೂ ಬಂತು. ನೂರಾರು ಹೋಟೆಲುಗಳು ಯೋಜನೆಯಿಂದ ಹೊರನಡೆದವು. ಅಷ್ಟು ದಿನ ಬಂದವರ ನಿಷ್ಠೆ ಇದ್ದದ್ದು ಹೋಟೆಲಿಗಲ್ಲ, ಆ್ಯಪಿಗೆ.

ಬೆಂಗಳೂರಿಗೆ ತನ್ನದೇ ಆದ ಫಾಸ್ಟ್‌ಫುಡ್ ಇದೆ. ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ‘ಕೆಫೆ ದರ್ಶಿನಿ’ ತೆರೆದರು. ಮೊದಲು ದುಡ್ಡು, ಆಮೇಲೆ ಟೋಕನ್, ಕೌಂಟರಿನಿಂದ ತಟ್ಟೆ, ನಿಂತೇ ತಿನ್ನುವುದು. ಕೂರಲು ಕುರ್ಚಿ ಇಲ್ಲದ್ದರಿಂದ ಅಷ್ಟೇ ಜಾಗದಲ್ಲಿ ಹಲವು ಪಟ್ಟು ಜನ ತಿಂದು ಹೋಗಬಹುದು. ಹಾಗಾಗಿ ಬೆಲೆ ಕಡಿಮೆ ಇಡಲು ಸಾಧ್ಯ. ಆ ಮಾದರಿ ಊರೆಲ್ಲ ಹಬ್ಬಿತು. ಈ ದರ್ಶಿನಿಗಳು ಬೆಳೆದದ್ದು ಸ್ಟ್ಯಾಂಪ್ ಕಾರ್ಡಿನಿಂದಲ್ಲ, ಪಾಯಿಂಟ್ಸ್‌ನಿಂದಲೂ ಅಲ್ಲ. ಬಕೆಟ್ಟಿನಿಂದ ಎರಡನೇ ಸಲ ಚಟ್ನಿ ಹಾಕಿಸಿಕೊಂಡರೆ ಲೆಕ್ಕವಿಲ್ಲ. ಇನ್ನು ‘ಬೈ ಟೂ’ ಕಾಫಿ. ವ್ಯಾಪಾರದ ಪಾಠ ಓದಿದವರಿಗೆ ಅದು ಮೂರ್ಖತನ: ಇಬ್ಬರು ಗಿರಾಕಿಗಳು, ಒಂದೇ ಬಿಲ್, ತೊಳೆಯಲು ಎರಡು ಲೋಟ. ಆದರೆ ಅರ್ಧ ಕಾಫಿ ಕುಡಿದವನಿಗೆ ಸಂಜೆ ಇನ್ನೊಂದು ಅರ್ಧಕ್ಕೆ ಜಾಗ ಇರುತ್ತದೆ, ಬರುವಾಗ ಒಬ್ಬನನ್ನು ಜೊತೆಗೆ ಕರೆತರಲೇಬೇಕು. ಹೊಸ ಗಿರಾಕಿಯನ್ನು ಹುಡುಕಿ ತರುವ ಕೆಲಸಕ್ಕೆ ಕಂಪನಿಗಳು ಕೋಟಿಗಟ್ಟಲೆ ಸುರಿಯುತ್ತವೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಬಿಟ್ಟರೆ ಹೆಚ್ಚೇನೂ ಇಲ್ಲ. ಸಾಂಬಾರಂತೂ ಇಲ್ಲವೇ ಇಲ್ಲ. ಪಟ್ಟಿ ಚಿಕ್ಕದಿದ್ದರೆ ರುಚಿ ಕೈತಪ್ಪುವುದು ಕಷ್ಟ. ನಿನ್ನೆಯ ಚಟ್ನಿಯ ರುಚಿಯೇ ಇವತ್ತೂ ಸಿಗುತ್ತದೆಂಬ ಭರವಸೆಯೇ ಅರ್ಧ ವ್ಯಾಪಾರ.

ಈ ಭರವಸೆಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ ಹೋಟೆಲ್ ಎರಡು ಸಲ ಇಕ್ಕಟ್ಟಿಗೆ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಅದೇ ರವೆ ಇಡ್ಲಿ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆ ಇಳಿಸಿದಾಗ ತುಪ್ಪ, ಬೇಳೆಯ ಗುಣಮಟ್ಟ ಇಳಿಸಲು ಒಪ್ಪದ ಮಾಲೀಕ ಹರಿಶ್ಚಂದ್ರ ಮಯ್ಯರು ಅಂದಂದಿನ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಹಾಕುತ್ತಿದ್ದರಂತೆ. ಕೊನೆಗೆ ಹೋಟೆಲ್ ಮುಚ್ಚಿದರು. ಅಡುಗೆಯವರ ಕೈಗೆ ಕೆಲಸ ಬೇಕಲ್ಲ, ಸಿದ್ಧ ಮಿಕ್ಸ್ ಮತ್ತು ಪುಡಿಗಳ ವ್ಯಾಪಾರ ಬೆಳೆಯಿತು. ಮೇಜಿಗೆ ಬರುತ್ತಿದ್ದ ಗಿರಾಕಿ ಪೊಟ್ಟಣದ ಹಿಂದೆ ಹೋದ. ಆ ಪೊಟ್ಟಣದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಮತ್ತೆ ಬಾಗಿಲು ತೆರೆದ ಹೋಟೆಲುಗಳು ಮನೆತನದಲ್ಲೇ ಉಳಿದು ಮುಂದೆ ಸಿಂಗಪುರಕ್ಕೂ ಹೋದವು.

ಖಾಯಂ ಗಿರಾಕಿಯನ್ನು ನೆನಪಿಟ್ಟುಕೊಳ್ಳುವ ಕೆಲಸ ಈಗ ಗಲ್ಲಾದಿಂದ ಕಂಪ್ಯೂಟರಿಗೆ ಹೋಗಿದೆ. ಗಲ್ಲಾದಲ್ಲಿ ಕೂತವರಿಗೆ ಗೊತ್ತಿದ್ದದ್ದು ಇಷ್ಟು: ಇವರಿಗೆ ಸಕ್ಕರೆ ಕಮ್ಮಿ, ಅವರಿಗೆ ಖಾಲಿ ದೋಸೆ, ಇನ್ನೊಬ್ಬರು ಚಿಲ್ಲರೆ ತರುವುದಿಲ್ಲ. ಕೆನಡಾದ ಟಿಮ್ ಹಾರ್ಟನ್ಸ್ ಎಂಬ ಕಾಫಿ-ಡೋನಟ್ ಕಂಪನಿಯ ಆ್ಯಪಿಗೆ ಗೊತ್ತಿದ್ದದ್ದು ಇನ್ನೂ ಬಹಳ. ಆ್ಯಪ್ ಮುಚ್ಚಿದ್ದರೂ ಅದು ಕೆಲವು ನಿಮಿಷಗಳಿಗೊಮ್ಮೆ ಗಿರಾಕಿ ಎಲ್ಲಿದ್ದಾನೆಂದು ಗುರುತು ಹಾಕಿಕೊಳ್ಳುತ್ತಿತ್ತು. ಮನೆ ಯಾವುದು, ಕಚೇರಿ ಯಾವುದು, ಪ್ರತಿಸ್ಪರ್ಧಿಯ ಅಂಗಡಿಗೆ ಹೊಕ್ಕದ್ದು ಯಾವಾಗ, ಎಲ್ಲ. ಇದು ಕಾನೂನಿಗೆ ವಿರುದ್ಧವೆಂದು ಅಲ್ಲಿನ ಖಾಸಗಿತನ ರಕ್ಷಣೆಯ ಆಯುಕ್ತರು ಜೂನ್ 2022ರಲ್ಲಿ ಹೇಳಿದರು. ಗಿರಾಕಿಗಳು ಹೂಡಿದ ದಾವೆಗಳನ್ನು ಮುಗಿಸಿಕೊಳ್ಳಲು ಕಂಪನಿ ಮುಂದಿಟ್ಟ ಪರಿಹಾರ: ತಲೆಗೊಂದು ಬಿಸಿ ಪಾನೀಯ, ಜೊತೆಗೊಂದು ಬೇಕರಿ ತಿನಿಸು. ಅದನ್ನು ಪಡೆಯಲೂ ಗಿರಾಕಿ ಮತ್ತೆ ಅದೇ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕಿತ್ತು.