ದಂಡು ಹೋದ ದಾರಿಯ ಊರುಗಳು

ಊರಿನಿಂದ ಬಂದ ನೆಂಟರಿಷ್ಟರನ್ನು ಪುಣೆಯ ಕನ್ನಡಿಗರಾದ ನಾವು ಮೊದಲು ಕರೆದೊಯ್ಯುವುದು ಶನಿವಾರವಾಡೆಗೆ. ದಿಲ್ಲಿ ದರವಾಜೆಯ ಮೊಳೆ ಬಡಿದ ಕದಗಳನ್ನು ತೋರಿಸಿ, ಪೇಶವೆಯರ ದಂಡು ಎಲ್ಲೆಲ್ಲಿ ಗೆದ್ದಿತೆಂಬುದನ್ನು ಅಭಿಮಾನದಿಂದಲೇ ವರ್ಣಿಸುತ್ತೇವೆ. ಆದರೆ ಆ ದಂಡು ಹಾಯ್ದುಹೋದ ದಾರಿಯ ಊರುಗಳ ಗತಿಯೇನಾಯಿತೆಂದು ಕೇಳುವವರು ವಿರಳ. ಅವುಗಳಲ್ಲಿ ಎಷ್ಟೋ ನಮ್ಮವೇ ಊರುಗಳು.

1790ರಲ್ಲಿ ಇಂಗ್ಲಿಷರು, ನಿಜಾಮರು, ಪೇಶವೆಯರು ಒಟ್ಟುಗೂಡಿ ಟೀಪೂ ಸುಲ್ತಾನನ ಮೇಲೆ ಯುದ್ಧ ಹೂಡಿದರು. ಪುಣೆಯ ಪಕ್ಷದಿಂದ ಪರಶುರಾಮ ಭಾವೂ ಪಟವರ್ಧನನ ದಂಡು ಧಾರವಾಡದ ಕೋಟೆಯನ್ನು ಆರು ತಿಂಗಳಿಗೂ ಮಿಕ್ಕಿ ಮುತ್ತಿತ್ತು. 1791ರ ಏಪ್ರಿಲಿನಲ್ಲಿ ಕೋಟೆ ಬಿದ್ದಿತು. ಅದೇ ವರ್ಷ ಪಟವರ್ಧನರ ದಂಡಿನೊಡನೆ ತಿರುಗುತ್ತಿದ್ದ ಪಿಂಡಾರಿಗಳು ಮಲೆನಾಡಿಗೆ ನುಗ್ಗಿ ಶೃಂಗೇರಿಯನ್ನು ಸೂರೆಗೊಂಡರು. ಮಠದ ಸೊತ್ತು ಹೋಯಿತು. ಜನ ಸತ್ತರು, ಹೆಂಗಸರ ಮಾನಹರಣವಾಯಿತು. ಶಾರದೆಯ ವಿಗ್ರಹ ಸ್ಥಾನಪಲ್ಲಟವಾಯಿತು. ಜಗದ್ಗುರುಗಳು ಕಾರ್ಕಳಕ್ಕೆ ಹೋಗಿ ನೆಲೆಸಬೇಕಾಯಿತು. ಇದು ಮರಾಠರ ಮೇಲಿನ ದ್ವೇಷದಿಂದ ಯಾರೋ ಕಟ್ಟಿದ ಕಥೆಯಲ್ಲ. ಈ ಲೂಟಿಯ ವರದಿ ಪಟವರ್ಧನ ಮನೆತನದ ಕಾಗದಗಳಲ್ಲಿಯೇ ಇದೆ. ಮಿರಜಿನ ವಾಸುದೇವಶಾಸ್ತ್ರಿ ಖರೆಯವರು ಆ ಮನೆತನದ ಕಾಗದಗಳನ್ನು 'ಐತಿಹಾಸಿಕ ಲೇಖಸಂಗ್ರಹ'ದಲ್ಲಿ ಅಚ್ಚು ಮಾಡಿಸಿದರು. ತಮ್ಮವರಿಗೆ ಮುಜುಗರವಾಗುವುದನ್ನೂ ಮುಚ್ಚಿಡದ ಇಂಥ ಪಂಡಿತರಿಗೆ ನಾವು ಋಣಿಗಳು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಪೇಶವೆಯರು ಬ್ರಾಹ್ಮಣರು, ಪಟವರ್ಧನರೂ ಬ್ರಾಹ್ಮಣರು. ಶಂಕರಾಚಾರ್ಯರ ಪೀಠದಲ್ಲಿ ಅವರಿಗೆ ಭಕ್ತಿ ಇರಲಿಲ್ಲವೆನ್ನಲಾದೀತೆ? ಭಕ್ತಿ ಇದ್ದೂ ಮಠ ಉಳಿಯಲಿಲ್ಲ. ಏಕೆಂದರೆ ಪಿಂಡಾರಿಗೆ ಪಗಾರವಿರಲಿಲ್ಲ. ಕೊಳ್ಳೆಯೇ ಅವನ ಸಂಬಳ. ಅದರಲ್ಲೊಂದು ಪಾಲು ಮೇಲಿನವರಿಗೂ ಸಲ್ಲುತ್ತಿತ್ತು. ಹೊಟ್ಟೆಗೆ ಕೊಡದೆ ಕೈಗೆ ಕತ್ತಿ ಕೊಟ್ಟವನನ್ನು ಊರ ಬಾಗಿಲಲ್ಲಿ ಯಾವ ಧರ್ಮಶ್ರದ್ಧೆ ತಡೆದೀತು?

ಇದನ್ನು ಶಿವಾಜಿ ಮಹಾರಾಜರು ನೂರು ವರ್ಷಕ್ಕೂ ಹಿಂದೆಯೇ ಅರಿತಿದ್ದರು. 1670ರ ದಶಕದಲ್ಲಿ ಚಿಪಳೂಣದ ಬಳಿ ಬೀಡುಬಿಟ್ಟಿದ್ದ ತಮ್ಮ ಕುದುರೆ ದಂಡಿನ ಅಧಿಕಾರಿಗಳಿಗೆ ಅವರು ಬರೆಯಿಸಿದ ಆಜ್ಞಾಪತ್ರವೊಂದಿದೆ. ಕಚೇರಿಯಲ್ಲಿ ದಿನವೂ ಸುತ್ತೋಲೆಗಳನ್ನು ಓದಿ ಫೈಲಿಗೆ ಸೇರಿಸುವ ನಮಗೆ ಅಂಥ ಸುತ್ತೋಲೆಯೊಂದೂ ಇದುವರೆಗೆ ಕಂಡಿಲ್ಲ! ಮಳೆಗಾಲ ಮುಗಿಯುವವರೆಗೆ ಮೇವು ಕಾಳುಗಳನ್ನು ಲೆಕ್ಕಹಾಕಿ ಬಳಸಬೇಕು. ಈಗಲೇ ತೀರಿಸಿದರೆ ಮುಂದೆ ಕುದುರೆಗಳು ಸಾಯುತ್ತವೆ, ನೀವು ರೈತರ ಮನೆಗೆ ನುಗ್ಗುತ್ತೀರಿ, ಇವರಿಗಿಂತ ಮೊಗಲರೇ ಲೇಸೆಂದು ಜನ ಅಂದುಕೊಳ್ಳುತ್ತಾರೆ. ಬೇಕಾದುದನ್ನು ಪೇಟೆಯಲ್ಲಿ ಹಣ ಕೊಟ್ಟು ಕೊಳ್ಳಿರಿ ಎಂದು ಅದರ ತಾತ್ಪರ್ಯ. ರಾತ್ರಿ ದೀಪ ಆರಿಸದೆ ಮಲಗಿದರೆ ಇಲಿ ಉರಿಯುವ ಬತ್ತಿಯನ್ನು ಎಳೆದೊಯ್ದು ಹುಲ್ಲಿನ ಬಣವೆಗೆ ಬೆಂಕಿ ತಗಲೀತೆಂಬ ಎಚ್ಚರಿಕೆಯೂ ಅದರಲ್ಲುಂಟು. ರೈತನ ರಕ್ಷಣೆಯನ್ನು ಕೇವಲ ಕರುಣೆಗೆ ಬಿಡದೆ ಮೇವಿನ ಲೆಕ್ಕಕ್ಕೆ ಜೋಡಿಸಿದ್ದು ದೊಡ್ಡ ವಿವೇಕವೆಂದೇ ನಮ್ಮ ಅಭಿಪ್ರಾಯ.

ಆ ವಿವೇಕ ಮರೆತುಹೋದಾಗ ಪೆಟ್ಟು ಪುಣೆಗೂ ಬಿದ್ದಿತು. 1763ರಲ್ಲಿ ಮರಾಠರ ದಂಡು ನಿಜಾಮನ ಸೀಮೆಯನ್ನು ಸೂರೆಮಾಡುತ್ತಿದ್ದಾಗ, ನಿಜಾಮ ಅಲಿಯ ದಂಡು ಬಂದು ಪುಣೆಯನ್ನು ಲೂಟಿ ಮಾಡಿ ಮನೆಗಳಿಗೆ ಬೆಂಕಿಯಿಟ್ಟಿತು. ಅಲ್ಲಿಯ ರೈತನ ಸೇಡನ್ನು ಇಲ್ಲಿಯ ಬಡ ಸಂಸಾರಿಗನ ಮೇಲೆ ತೀರಿಸಿಕೊಂಡಂತಾಯಿತು. ಇಬ್ಬರೂ ಕತ್ತಿ ಹಿಡಿದವರಲ್ಲ.

ಶೃಂಗೇರಿಯ ಮುಂದಿನ ಕಥೆಯೂ ತಿಳಿಯತಕ್ಕದ್ದು. ಟೀಪೂ ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳನ್ನು ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಬೆಳಕಿಗೆ ತಂದರು. ಲೂಟಿಗಾಗಿ ವ್ಯಥೆಪಟ್ಟು, ಶಾರದೆಯ ಪುನಃಪ್ರತಿಷ್ಠೆಗೆಂದು ಹಣವನ್ನೂ ಧಾನ್ಯವನ್ನೂ ಕೊಡಲು ಬಿದನೂರಿನ ಅಧಿಕಾರಿಗೆ ಅವನು ಅಪ್ಪಣೆ ಮಾಡಿದ್ದು ಅವುಗಳಿಂದ ತಿಳಿಯುತ್ತದೆ. ಕೆಟ್ಟುದನ್ನು ಮತ್ತೆ ಕಟ್ಟಿಕೊಡುವುದೂ ರಕ್ಷಣೆಯೇ.

1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಒಪ್ಪಂದವಾಯಿತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದರ ಮೇಲೆ ಎಂಟು-ಹತ್ತು ವಯಸ್ಸಿನ ಇಬ್ಬರು ಗಂಡುಮಕ್ಕಳ ಒತ್ತೆ. ಮಕ್ಕಳು ಮದರಾಸಿನಲ್ಲಿದ್ದು 1794ರಲ್ಲಿ ಹಿಂತಿರುಗಿದರು. ಆ ಕಾಗದದಲ್ಲಿ ಗೆದ್ದವರ ಪಾಲು ಕಾಸು ಕಾಸಿಗೂ ಲೆಕ್ಕವಾಗಿತ್ತು. ಸುಟ್ಟ ಊರುಗಳ ಪಾಲು ಯಾರಿಗೂ ನೆನಪಾಗಲಿಲ್ಲ. ಅಂಥ ಶಾಂತಿ ಬಾಳಿದ್ದು ಏಳೇ ವರ್ಷ.

ಇಂದು ಇದಕ್ಕೆಲ್ಲ ಲಿಖಿತ ನಿಯಮವಿದೆ. 1949ರ ಆಗಸ್ಟ್ 12ರ ನಾಲ್ಕನೆಯ ಜಿನೀವಾ ಒಡಂಬಡಿಕೆ ನಿಶ್ಶಸ್ತ್ರ ನಾಗರಿಕರಿಗಾಗಿಯೇ ಹುಟ್ಟಿದ್ದು. ಲೂಟಿ ಕೂಡದು, ಒಬ್ಬರ ತಪ್ಪಿಗೆ ಇನ್ನೊಬ್ಬರ ಮೇಲೆ ಸೇಡು ಕೂಡದು ಎನ್ನುತ್ತದೆ ಅದರ 33ನೆಯ ವಿಧಿ. ಒತ್ತೆಯಿಡುವುದನ್ನು 34ನೆಯದು ನಿಷೇಧಿಸುತ್ತದೆ. ನಮ್ಮ ದೇಶ 1950ರಲ್ಲಿ ಇದನ್ನು ಸ್ಥಿರೀಕರಿಸಿ, 1960ರಲ್ಲಿ ಕಾಯಿದೆಯನ್ನೂ ಮಾಡಿತು. ಕಾಗದದ ಮೇಲಿನ ನಿಯಮದಿಂದೇನು ಪ್ರಯೋಜನವೆಂದು ಕೇಳುವವರಿದ್ದಾರೆ. 2022ರಲ್ಲಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಕರ್ನಾಟಕದಿಂದ ಓದಲು ಹೋಗಿದ್ದ ಹುಡುಗನೊಬ್ಬ ಶೆಲ್ ದಾಳಿಗೆ ಬಲಿಯಾದಾಗ ಈ ಪ್ರಶ್ನೆ ನಮ್ಮ ಮನೆಗಳಲ್ಲಿಯೂ ಎದ್ದಿತ್ತು. ಆದರೆ ನಿಯಮವಿಲ್ಲದಿದ್ದರೆ ಅದನ್ನು ಅಪರಾಧವೆಂದು ಹೆಸರಿಟ್ಟು ಕರೆಯುವುದಕ್ಕೂ ಆಧಾರವಿರುತ್ತಿರಲಿಲ್ಲ. ಶೃಂಗೇರಿಯವರಿಗೆ ಇದ್ದುದು ದೂರು ಬರೆಯುವ ದಾರಿಯೊಂದೇ.

ಜನರನ್ನು ಬಲವಂತದಿಂದ ನೆಲೆ ಕಿತ್ತು ಸಾಗಿಸಬಾರದೆಂಬುದು 49ನೆಯ ವಿಧಿ. ಇದರ ಬೆಲೆ ನಮ್ಮ ಕರಾವಳಿಗೆ ಗೊತ್ತು. ಶೃಂಗೇರಿಗೆ ನೆರವಾದ ಅದೇ ಟೀಪೂ, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಸಂಶಯದಿಂದ, 1784ರಲ್ಲಿ ಮಂಗಳೂರಿನ ಸೀಮೆಯ ಕ್ರೈಸ್ತರನ್ನು ಹೆಂಗಸರು ಮಕ್ಕಳೆನ್ನದೆ ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹು ಮಂದಿ. ಹದಿನೈದು ವರ್ಷಗಳ ಮೇಲೆ, 1799ರಲ್ಲಿ ಪಟ್ಟಣ ಬಿದ್ದಾಗ, ಉಳಿದವರಲ್ಲಿ ಅನೇಕರು ಘಟ್ಟವಿಳಿದು ಊರಿಗೆ ಬಂದರು. ಅವರ ಭೂಮಿ ಆ ವೇಳೆಗೆ ಬೇರೆಯವರ ಕೈಸೇರಿತ್ತು.